ಇನ್ನೂರ ಹದಿನಾರು ಗ್ರಾಂ

ಬೀದಿಯವರೆಲ್ಲ ರಿಪೇರಿ ಅಕ್ಕ ಎಂದು ಕರೆಯುತ್ತಿದ್ದ ಆಕೆಗೆ ಸೈಕಲ್ಲಿನ ವಿಷಯದಲ್ಲಿ ಟೋಪಿ ಹಾಕುವುದು ಯಾರಿಂದಲೂ ಆಗುತ್ತಿರಲಿಲ್ಲ. ಬೋಲ್ಟನ್ನು ಅಂಗೈಯಲ್ಲಿಟ್ಟುಕೊಂಡೇ ತೂಕ ಹೇಳಿಬಿಡುತ್ತಿದ್ದಳು. ತಪ್ಪಿದರೆ ಒಂದು ಗ್ರಾಂ ತಪ್ಪೀತು. ಅಂಥವಳಿಗೆ ಆ ವಾರ ತಕ್ಕಡಿಯೇ ತಿರುಗಿಬಿದ್ದಿತ್ತು.

ಕಟ್ಟುತ್ತಿದ್ದದ್ದು ತಂಗಿಯ ಸೈಕಲ್ಲು. ತಂಗಿಗೆ ಮನೆಯಲ್ಲಿ ಗುಬ್ಬಿ ಎಂದು ಹೆಸರು. ಭಾನುವಾರ ಅವಳಿಗೆ ಗುಡ್ಡ ಹತ್ತುವ ರೇಸು. ಇರುವುದು ಒಂದೇ ಗೇರು, ಅದೂ ಫಿಕ್ಸೆಡ್ ಗೇರು: ಚಕ್ರ ತಿರುಗಿದಷ್ಟು ಹೊತ್ತು ಪೆಡಲೂ ತಿರುಗಲೇಬೇಕು, ಕಾಲಿಗೆ ಪುರುಸೊತ್ತೇ ಇಲ್ಲ. ಮೇಲೆ ಮುಟ್ಟಿದವರನ್ನು ಸೈಕಲ್ ಸಮೇತ ವ್ಯಾನಿನಲ್ಲಿ ಕೆಳಗೆ ತರುತ್ತಾರೆ. ಇಳಿಯುವ ಮಾತೇ ಇಲ್ಲವಲ್ಲ ಎಂದು ಈ ಹುಚ್ಚಿನವರೆಲ್ಲ ಮೊದಲು ಕಿತ್ತೆಸೆಯುವುದು ಬ್ರೇಕನ್ನು. ಗ್ರಾಂ ಲೆಕ್ಕ ಹಾಕುವವರ ಬುದ್ಧಿಗೆ ಏನು ಹೇಳೋಣ!

ಎರಡು ವರ್ಷದ ಹಿಂದೆ ಅಕ್ಕ ತನ್ನ ತಮ್ಮನಿಗೂ, ಅಂದರೆ ಗುಬ್ಬಿಯ ಅಣ್ಣನಿಗೂ, ಹೀಗೇ ಬ್ರೇಕಿಲ್ಲದೆ ಕಟ್ಟಿಕೊಟ್ಟಿದ್ದಳು. ಅವನು ಗೆದ್ದ. ಗೆದ್ದ ಖುಷಿಯಲ್ಲಿ ವ್ಯಾನಿಗೆ ಕಾಯದೆ ಸೈಕಲ್ ಮೇಲೇ ಇಳಿದ. ಮೂರನೇ ತಿರುವಿನಲ್ಲಿ ಪೆಡಲಿನ ವೇಗ ಕಾಲಿನ ಹಿಡಿತ ಮೀರಿತು, ಸೈಕಲ್ಲು ರಸ್ತೆ ಬಿಟ್ಟು ಹಾರಿತು. ಅವನ ಫೋಟೋ ಈಗ ಅಂಗಡಿಯ ಗೋಡೆಯಲ್ಲಿದೆ, ಸೈಕಲ್ ನೇತುಹಾಕಿ ತೂಕ ನೋಡುವ ಕೊಕ್ಕೆ ತಕ್ಕಡಿಯ ಪಕ್ಕದಲ್ಲೇ.

ಇಷ್ಟಾದ ಮೇಲೂ ಮತ್ತೆ ಬ್ರೇಕಿಲ್ಲದೆ ಕಟ್ಟಿದಳೇ ಎಂದು ಕೇಳಬಹುದು. ಗುಬ್ಬಿಯ ಹಟ ಹಾಗಿತ್ತು. "ವ್ಯಾನಲ್ಲೇ ಇಳೀತೀನಿ ಅಕ್ಕಾ, ನಿನ್ನಾಣೆ," ಎಂದಿದ್ದಳು. ಅಕ್ಕ ಒಪ್ಪಿದಳು. ಒಪ್ಪಿದಾಗಿನಿಂದ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಸೋಮವಾರ ಬೆಳಿಗ್ಗೆ ಬಿಡಿಭಾಗಗಳನ್ನೆಲ್ಲ ತೂಗಿ ಬರೆದಿಟ್ಟಳು. ಫ್ರೇಮು, ಚಕ್ರ, ಚೈನು, ಅರ್ಧಕ್ಕೆ ಕೊಯ್ದ ಹ್ಯಾಂಡಲ್ಲು, ತೂತು ಕೊರೆದ ಸೀಟಿನ ಕೊಳವೆ. ಒಟ್ಟು ಐದು ಸಾವಿರದ ನಾನ್ನೂರ ಇಪ್ಪತ್ತನಾಲ್ಕು ಗ್ರಾಂ. ಮಧ್ಯಾಹ್ನ ಊಟದ ಶಾಸ್ತ್ರ ಮುಗಿಸಿ ಬಂದು, ಜೋಡಿಸಿ ಕೊಕ್ಕೆಗೆ ನೇತುಹಾಕಿದರೆ ಐದು ಸಾವಿರದ ಆರುನೂರ ನಲವತ್ತು.

"ಕೂಡೋಕೂ ಬರಲ್ವೇನೇ ನಿಂಗೆ?" ಎಂದು ತನ್ನನ್ನೇ ಬೈದುಕೊಂಡು ಮತ್ತೆ ಬಿಚ್ಚಿದಳು. ಬಿಡಿಯಾಗಿ ತೂಗಿದರೆ ಸರಿಯಾಗಿತ್ತು. ಜೋಡಿಸಿದರೆ ಇನ್ನೂರ ಹದಿನಾರು ಹೆಚ್ಚು. ತಲೆ ಚಿಟ್ಟುಹಿಡಿದು ಸೈಕಲ್ಲನ್ನು ಹೆಗಲಿಗೇರಿಸಿ ಎದುರಿನ ಪಾರ್ಸೆಲ್ ಆಫೀಸಿಗೆ ನಡೆದಳು.

"ಏನಕ್ಕಾ, ಸೈಕಲ್ಲನ್ನೇ ಪಾರ್ಸೆಲ್ ಮಾಡ್ತಿದೀರಾ?" ಎಂದ ಗುಮಾಸ್ತ.

"ತೂಕ ಹೇಳಪ್ಪ, ತಮಾಷೆ ಆಮೇಲೆ."

"ಐದು ಆರುನೂರ ನಲವತ್ತು." ಅವನು ಬಗ್ಗಿ ನೋಡಿದ. "ಅಕ್ಕಾ, ಕೈ ತೆಗೀರಿ. ಮೇಲಿಂದ ಒತ್ತಿದ ಹಾಗಿದೆ."

ಅಕ್ಕನ ಎರಡೂ ಕೈ ಬೆನ್ನ ಹಿಂದಿದ್ದವು. ಗುಮಾಸ್ತ ಅದನ್ನು ನೋಡಿದ. ತಕ್ಕಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಅಕ್ಕ ಹಟಕ್ಕೆ ಬಿದ್ದಳು. ಸೀಟಿನ ಹೊದಿಕೆ ಸುಲಿದು, ಬೋಲ್ಟುಗಳ ತಲೆ ಉಜ್ಜಿ ನಲವತ್ತು ಗ್ರಾಂ ಇಳಿಸಿದಳು. ಗುರುವಾರ ಕೊಕ್ಕೆ ಐದು ಸಾವಿರದ ಆರುನೂರು ತೋರಿಸಿತು. ಆ ಇನ್ನೂರ ಹದಿನಾರು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಶುಕ್ರವಾರ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಜೋರಾಗಿ ತಿರುಗಿಸಿದಳು. ಪೆಡಲುಗಳು ಜೊತೆಯಲ್ಲೇ ಸುತ್ತಿದವು. ಆಮೇಲೆ ನಿಧಾನವಾದವು. ತಾವಾಗಿ ನಿಧಾನವಾದ ಹಾಗಲ್ಲ. ಸುತ್ತು ಸುತ್ತಿಗೂ ತಡೆತಡೆದು, ಇಳಿಜಾರಿನಲ್ಲಿ ಯಾರೋ ಕಾಲಿನಿಂದ ಹಿಂದಕ್ಕೆ ಒತ್ತುತ್ತಿರುವ ಹಾಗೆ. ಹಗಲು ಹನ್ನೊಂದು ಗಂಟೆ, ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಆಗ ಅವಳಿಗೆ ಆ ಅಂಕಿ ಹಳೆಯ ಪರಿಚಯದ್ದು ಅನ್ನಿಸಿತು. ಎರಡು ವರ್ಷದ ಹಿಂದಿನ ಪುಸ್ತಕ ಹುಡುಕಿ ತೆಗೆದಳು. ತಮ್ಮನ ಸೈಕಲ್ಲಿನ ಪಟ್ಟಿ. ಕೊನೆಯ ಸಾಲು: ಬ್ರೇಕ್, ಹಿಡಿ, ತಂತಿ, ಇನ್ನೂರ ಹದಿನಾರು. ಅದರ ಮೇಲೆ ಅಡ್ಡಗೆರೆ ಎಳೆದದ್ದು ಅವಳದೇ ಕೈ.

"ತಪ್ಪಾಯ್ತು ಕಣೋ," ಎಂದು ಅಕ್ಕ ಬಿಕ್ಕಿಬಿಕ್ಕಿ ಅತ್ತಳು. ಅಂದು ಹಾಕದೆ ಬಿಟ್ಟ ಬ್ರೇಕು ಡ್ರಾಯರಿನ ಡಬ್ಬಿಯಲ್ಲಿ ಹಾಗೇ ಇತ್ತು. ಮೂಗೊರೆಸಿಕೊಂಡು, ಎಣ್ಣೆ ಬಿಟ್ಟು, ಹೊಸ ತಂತಿ ಎಳೆದು ಮುಂದಿನ ಚಕ್ರಕ್ಕೆ ಕೂರಿಸಿದಳು.

ಸೈಕಲ್ಲನ್ನು ಕೊಕ್ಕೆಗೆ ಸಿಕ್ಕಿಸುವ ಹೊತ್ತಿಗೆ ಗುಬ್ಬಿ ಹೆಲ್ಮೆಟ್ ಹಿಡಿದು ಒಳಗೆ ಬಂದಳು. ನೋಡಿದವಳೇ ಕೆಂಡವಾದಳು. "ಬ್ರೇಕ್ ಯಾಕೆ ಹಾಕ್ದೆ? ಇನ್ನೂರು ಗ್ರಾಂ ಹೊತ್ಕೊಂಡು ಹತ್ಬೇಕಾ ನಾನು?"

"ತೂಕ ನೋಡು ಮೊದ್ಲು."

ಐದು ಸಾವಿರದ ಆರುನೂರು. ಗುಬ್ಬಿ ತನ್ನ ಸೈಕಲ್ಲಿನ ಪಟ್ಟಿಯಲ್ಲಿ ಹಿಂದಿನ ದಿನದ ಅಂಕಿ ನೋಡಿದಳು. ಮತ್ತೆ ಕೊಕ್ಕೆ ನೋಡಿದಳು.

"ನಿನ್ನೆ ಬ್ರೇಕ್ ಇರ್ಲಿಲ್ಲ. ನಿನ್ನೇನೂ ಇಷ್ಟೇ."

"ಹೂಂ. ಸೋಮವಾರದಿಂದ ಬ್ರೇಕಿನ ತೂಕ ತೋರಿಸ್ತಾನೇ ಇತ್ತು. ಈಗ ಬ್ರೇಕ್ ಹಾಕಿದ್ರೂ ಒಂದು ಗ್ರಾಂ ಏರ್ಲಿಲ್ಲ."

ಗುಬ್ಬಿ ಸ್ಟೂಲಿನ ಮೇಲೆ ಕುಸಿದಳು. "ಅಕ್ಕಾ, ನಿಂಗೆ ಸುಳ್ಳು ಹೇಳ್ದೆ. ವ್ಯಾನಿಗೆ ಕಾಯೋಳಲ್ಲ ನಾನು. ಅಣ್ಣ ಇಳಿದ ಹಾಗೇ ಇಳಿದು, ಆ ತಿರುವು ದಾಟಿ ತೋರಿಸ್ಬೇಕು ಅಂತಿದ್ದೆ."

ಅಕ್ಕ ಅವಳತ್ತ ಬಗ್ಗಿದಳು. "ಯಾರಿಗೆ ಹೇಳಿದ್ದೆ ಇದನ್ನ?"

"ಯಾರಿಗೂ ಇಲ್ಲ." ಗುಬ್ಬಿ ತಲೆ ಎತ್ತಿ ಗೋಡೆ ನೋಡಿದಳು. "ಸೋಮವಾರ ನೀನು ಊಟಕ್ಕೆ ಹೋದಾಗ, ಇಲ್ಲೇ ನಿಂತು ಅಣ್ಣನ ಫೋಟೋಗೆ ಹೇಳಿದ್ದೆ."