ಇನ್ವರ್‌ಡೂಲಿಯ ಕೊರಳಪಟ್ಟಿ

ವಾಟಿ ಸ್ಟ್ರಾಕನ್ ತನ್ನ ದಪ್ಪ ಹೆಬ್ಬೆರಳನ್ನು ರೋನಾಳ ಕೂದಲ ಬುಡದಲ್ಲಿ ಒತ್ತಿ ಹಿಡಿದು, ದಾರದಿಂದ ಅವಳ ಕತ್ತಿನ ಅಳತೆ ತೆಗೆಯುತ್ತಿದ್ದಾಗ ಎಫೀ ಕೌಯಿ ಕೈಯಲ್ಲಿದ್ದ ಓಟ್ಸ್ ಗಂಜಿಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅಳತೆ ಯಾಕೆ ಬೇಕು? ಚರ್ಚಿನ ಗೋಡೆಯಿಂದ ಸರಪಳಿಯಲ್ಲಿ ನೇತಾಡುವ ಆ ಕಬ್ಬಿಣದ ಕೊರಳಪಟ್ಟಿ ಮುನ್ನೂರು ವರ್ಷದಿಂದ ಇದ್ದಷ್ಟೇ ಇದೆ. ಯಾವ ಹುಡುಗಿಯ ಕತ್ತಿಗೂ ಅದು ಹಿಗ್ಗಿದ್ದಿಲ್ಲ, ಕುಗ್ಗಿದ್ದಿಲ್ಲ. ಊರಹಬ್ಬದಲ್ಲಿ ಬೆಸ್ಸಿಯ ವೇಷ ಹಾಕುವ ಹುಡುಗಿಯ ಕತ್ತನ್ನು ಉತ್ಸವ ಸಮಿತಿಯ ಅಧ್ಯಕ್ಷರೇ ಮನೆಗೆ ಬಂದು ಅಳೆಯಬೇಕು ಎನ್ನುವ ಪದ್ಧತಿ ಹುಟ್ಟಿದ್ದು ವಾಟಿ ಅಧ್ಯಕ್ಷನಾದ ಮೇಲೆಯೇ.

"ಹಂಸದ ಕತ್ತು ಇದ್ದ ಹಾಗಿದೆ. ನಿನ್ನ ಮೊಮ್ಮಗಳು ಥೇಟ್ ನಿನ್ನ ಥರಾನೇ ಕಣೇ ಎಫೀ," ಎಂದು ವಾಟಿ ಹಲ್ಲು ಕಿರಿದ.

"ಅಳೆದಾಯ್ತಲ್ಲ. ಕೈ ತೆಗಿ," ಎಂದಳು ಎಫೀ.

ಅವನು ತೆಗೆದ. ಅವಸರವೇನೂ ಇಲ್ಲದೆ ತೆಗೆದ. ಹೊಗೆಮೀನಿನ ಕಾರ್ಖಾನೆಯ ಯಜಮಾನ, ಚರ್ಚಿನ ಹಿರಿಯ, ಊರಿನ ದೊಡ್ಡ ಮನುಷ್ಯ. ಎಷ್ಟು ಸೋಪು ತಿಕ್ಕಿದರೂ ಆ ಬೆರಳುಗಳಿಂದ ಹೆರಿಂಗ್ ಮೀನಿನ ವಾಸನೆ ಹೋಗುವುದಿಲ್ಲ. ಅವನು ಹೋದ ಮೇಲೆ ರೋನಾ ಕತ್ತನ್ನು ಸ್ವೆಟರಿನ ತೋಳಿನಿಂದ ಉಜ್ಜಿಕೊಂಡಳು, ಆಮೇಲೆ ನಕ್ಕಳು. ಆ ನಗು ಎಫೀಗೆ ಹಿಡಿಸಲಿಲ್ಲ. ವಾಟಿಯ ಬೆರಳಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಅದೇ.

"ಯಾಕೆ ನಗ್ತೀಯ?"

"ಅಳಬೇಕಾ? ಅವನು ಎಲ್ಲರಿಗೂ ಹಾಗೇನೇ, ಅಜ್ಜಿ. ಸ್ಕೂಲಲ್ಲಿ ಹುಡುಗೀರೆಲ್ಲ ಅವನಿಗೆ ಲೋಳೆಬೆರಳು ಅಂತಾರೆ. ನಕ್ಕುಬಿಟ್ಟರೆ ಮುಗೀತು."

"ನೀನು ಬೆಸ್ಸಿ ಆಗೋದು ಬೇಡ ಕಣೇ."

"ಅಯ್ಯೋ, ಶುರು ಮಾಡ್ಬೇಡ! ಚರ್ಚಿನ ಚಾವಣಿ ಸೋರ್ತಿದೆ ಅಂತ ನೀನೇ ಬಡ್ಕೋತೀಯ. ಅಮ್ಮ ಆಗಿದ್ಳು, ನೀನೂ ಆಗಿದ್ದೆ. ಈಗ ನಾನು ಒಲ್ಲೆ ಅಂದ್ರೆ ಊರೋರು ಏನಂತಾರೆ?" ರೋನಾ ಎದ್ದು ನಿಂತು, ಕತ್ತು ಓರೆ ಮಾಡಿ, ಕಣ್ಣು ಮೇಲೆ ಹಾಕಿ, ಕೀರಲು ದನಿಯಲ್ಲಿ ಕೂಗಿದಳು: "ತಪ್ಪು ನನ್ನದೇ! ತಪ್ಪು ನನ್ನದೇ! ತಪ್ಪು ನನ್ನದೇ! ಹೆಂಗಿದೆ?"

ಎಫೀ ಗಂಜಿಯ ಪಾತ್ರೆ ತಿಕ್ಕತೊಡಗಿದಳು. ತಿಕ್ಕಿದ್ದನ್ನೇ ತಿಕ್ಕಿದಳು.

ಬೆಸ್ಸಿ ಯಾರೆಂದು ಇನ್ವರ್‌ಡೂಲಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಯಾವುದೋ ಕಾಲದ ಮನೆಗೆಲಸದ ಹುಡುಗಿಯಂತೆ, ಮದುವೆಯಿಲ್ಲದೆ ಬಸುರಾದಳಂತೆ. ಚರ್ಚಿನ ಹಿರಿಯರು ಅವಳಿಗೆ ಗೋಣಿಯ ನಿಲುವಂಗಿ ತೊಡಿಸಿ, ಬಾಗಿಲ ಪಕ್ಕದ ಗೋಡೆಗೆ ಕತ್ತು ಬಿಗಿದು, ಭಾನುವಾರದ ಮೇಲೆ ಭಾನುವಾರ ನಿಲ್ಲಿಸಿದರಂತೆ. ಪ್ರಾರ್ಥನೆಗೆ ಬಂದವರು ಅವಳ ಮೇಲೆ ಉಗಿದು, ಬಾಯಿ ಒರೆಸಿಕೊಂಡು, ಒಳಗೆ ಹೋಗಿ ಕೀರ್ತನೆ ಹಾಡುತ್ತಿದ್ದರಂತೆ. ತಪ್ಪು ನನ್ನದೇ ಎಂದು ಅವಳು ಮೂರು ಸಲ ಹೇಳಿದ ದಿನ ಬೀಗ ತೆಗೆದರಂತೆ. ಬಸುರು ಮಾಡಿದವನ ಹೆಸರನ್ನು ಯಾರೂ ಕೇಳಿದಂತಿಲ್ಲ. ಇಂಥದ್ದನ್ನು ನೆನೆದರೆ ನಾಚಿಕೆಯಾಗಬೇಕು. ನಮ್ಮವರಿಗೆ ಹಬ್ಬವಾಯಿತು. ಪ್ರತಿ ಬೇಸಿಗೆಯಲ್ಲೂ ಒಂದು ಶನಿವಾರ ಊರಿನ ಒಬ್ಬ ಹುಡುಗಿಗೆ ಗೋಣಿ ತೊಡಿಸಿ, ಕೊರಳಪಟ್ಟಿ ಹಾಕಿ, ಕಾಸು ಕೊಟ್ಟವರೆಲ್ಲ ಅವಳ ಮುಖಕ್ಕೆ ಒದ್ದೆ ಸ್ಪಂಜು ಎಸೆಯುತ್ತಾರೆ. ಕೊನೆಗೆ ಅವಳು ಮೂರು ಸಲ ಆ ಮಾತು ಕೂಗಬೇಕು. ಕೂಗುವ ತನಕ ಬೀಗ ತೆಗೆಯುವಂತಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಂದ ಕಾಸೆಲ್ಲ ಚರ್ಚಿನ ಚಾವಣಿಗೆ.

ಬೀಗದ ಕೈ ಇರುವುದು ಎಫೀ ಬಳಿ. ಅವಳು ಚರ್ಚಿನ ಬೀಡಲ್. ಭಾನುವಾರ ಪಾದ್ರಿಗಿಂತ ಮುಂದೆ ಬೈಬಲ್ ಹೊತ್ತು ವೇದಿಕೆ ಹತ್ತುವವಳು, ಗಂಟೆ ಬಾರಿಸುವವಳು, ಕಸ ಹೊಡೆಯುವವಳು. ಅಪ್ಪನಿಂದ ಬಂದ ಕೆಲಸ. ಚರ್ಚು, ಕೋಟೆ, ಗೋರಿಕಲ್ಲು ಎಂದು ನೋಡುತ್ತ ತಿರುಗುವ ಬಸ್ಸುಗಳು ಬಂದಾಗ ಬಾಗಿಲು ತೆರೆಯುವವಳೂ ಅವಳೇ. ಬಂದವರು ಒಳಗಿನ ಓಕ್ ಮರದ ಪೀಠದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನೇರ ಕೊರಳಪಟ್ಟಿಗೆ ಹೋಗಿ ಕತ್ತು ತೂರಿಸಿ, ನಾಲಿಗೆ ಹೊರಚಾಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವರು ಹೋದ ಮೇಲೆ ಕಬ್ಬಿಣಕ್ಕೆ ಅಂಟಿದ ಬೆವರು, ಬಣ್ಣ, ಬಿಸಿಲಿನ ಕ್ರೀಮಿನ ಜಿಡ್ಡನ್ನು ಒರೆಸುವುದು ಎಫೀ ಪಾಲು. ಒರೆಸಿದ ಬಟ್ಟೆಯನ್ನು ಅವಳು ಮನೆಗೆ ತರುವುದಿಲ್ಲ, ಅಲ್ಲೇ ಸುಡುತ್ತಾಳೆ.

ಶನಿವಾರ ಬೆಳಗ್ಗೆ ಅವಳು ಗೋರಿಗಳ ನಡುವೆ ಹಾದು ಬರುವಾಗ ವಾಟಿ ಆಗಲೇ ಅಲ್ಲಿದ್ದ. ಕೊರಳಪಟ್ಟಿಯ ಬೀಗಕ್ಕೆ ಮೀನೆಣ್ಣೆ ಹಚ್ಚಿ, ತೆರೆದು ಮುಚ್ಚಿ ನೋಡುತ್ತಿದ್ದ. ಎಣ್ಣೆ ಗೋಡೆಗುಂಟ ಹಳದಿಯಾಗಿ ಇಳಿಯುತ್ತಿತ್ತು.

"ಈ ವರ್ಷ ನಾನು ಕೀಲಿ ಕೊಡಲ್ಲ ವಾಟಿ. ರೋನಾನ ಬಿಟ್ಟುಬಿಡು."

"ಕೀಲಿ ನಿಮ್ಮಪ್ಪನ ಸ್ವತ್ತೇನೇ? ಚರ್ಚಿಂದು. ಬೇಡ ಅಂದ್ರೆ ಹೇಳು, ಬೇರೆ ಬೀಡಲ್ ನೋಡ್ಕೋತೀವಿ."

"ಆ ಹುಡುಗಿಗೆ ಇದು ಬೇಡ."

"ಅವಳು ಕುಣೀತಾ ಇದ್ದಾಳೆ, ನಿನಗೇನು ಸಂಕಟ? ಪದ್ಧತಿ ಅಂದ್ರೆ ಪದ್ಧತಿ." ವಾಟಿ ಎಣ್ಣೆಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹತ್ತಿರ ಬಂದ. "ನೀನು ನಕ್ಕಿದ್ದೆ ಎಫೀ. ಮರೆತೆಯಾ? ಅವತ್ತು ಎಲ್ಲರಿಗಿಂತ ಜಾಸ್ತಿ ನಕ್ಕೋಳು ನೀನೇ."

ಎಫೀ ಅವನಿಗೆ ಬೆನ್ನು ತಿರುಗಿಸಿದಳು. ಚರ್ಚಿನ ಹಿಂದೆ ಹೋಗಿ ನಿಂತಳು.

ಮರೆಯುವುದೆಲ್ಲಿ ಬಂತು! ಅವಳು ಬೆಸ್ಸಿಯಾದ ವರ್ಷ, ಹಬ್ಬಕ್ಕೆ ಕೆಲವೇ ದಿನ ಮುಂಚೆ, ಬಲೆ ಇಡುವ ಕೊಟ್ಟಿಗೆಯ ಹಿಂದೆ ವಾಟಿ ಮೈಮೇಲೆ ಬಿದ್ದಿದ್ದ. ಅವಳು ಅವನ ಕೆನ್ನೆಗೆ ಬಾರಿಸಿದ್ದಳು. ಹಬ್ಬದ ದಿನ ಅವಳ ಕತ್ತು ಗೋಡೆಗೆ ಬಿಗಿದಿದ್ದಾಗ ಅವನು ಸ್ಪಂಜು ತರಲಿಲ್ಲ, ಮೀನು ಸೀಳುವ ಕೊಟ್ಟಿಗೆಯಿಂದ ಬಕೀಟು ತಂದ. ಹೆರಿಂಗ್ ಕರುಳು, ಕಿವಿರು, ರಕ್ತ, ಎರಡು ದಿನದ್ದು. ಮುಖಕ್ಕೆ ಎರಚಿ ಸುಮ್ಮನಾಗಲಿಲ್ಲ. ಗೋಣಿಯ ಕೊರಳಿನೊಳಗೆ ಕೈ ಇಳಿಸಿ, ಮುಷ್ಟಿ ಮುಷ್ಟಿ ತುರುಕಿದ. ತುರುಕಿದ ಕೈ ಬೇಗ ಹೊರಗೆ ಬರಲಿಲ್ಲ. ಪಾದ್ರಿ ನಕ್ಕರು, ಅಪ್ಪ ನಕ್ಕ, ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎಲ್ಲರೂ ನಗುವಾಗ ಒಬ್ಬಳೇ ಅಳುವುದು ಹೇಗೆ? ಅವಳೂ ನಕ್ಕಳು. ನಕ್ಕಾಗ ತೆರೆದ ಬಾಯೊಳಗೆ ಕರುಳು ಹೋಯಿತು. ಅದನ್ನು ಉಗಿದು, ತಪ್ಪು ನನ್ನದೇ ಎಂದು ಮೂರು ಸಲ ಕೂಗಿದಳು. ಚಪ್ಪಾಳೆ ಬಿತ್ತು. ಅಂದಿನಿಂದ ಅವಳು ಹೆರಿಂಗ್ ತಿಂದಿಲ್ಲ. ಮೀನುಗಾರರ ಊರಿನಲ್ಲಿ ಹುಟ್ಟಿ ಮೀನು ಮುಟ್ಟದವಳು ಎಂದು ಮಂದಿ ಆಡಿಕೊಂಡರು. ಅವಳು ಅದಕ್ಕೂ ನಕ್ಕಳು. ಥೂ, ಆ ನಗುವೇ! ಅದೇ ನಗು ಈಗ ಮೊಮ್ಮಗಳ ಬಾಯಿಗೆ ಬಂದು ಕೂತಿದೆ.

ಮಧ್ಯಾಹ್ನದ ಹೊತ್ತಿಗೆ ಬ್ಯಾಗ್‌ಪೈಪ್ ಊದುವವರು ಬಂದರು, ಬಸ್ಸು ಬಂತು, ಗೋರಿಕಲ್ಲುಗಳ ಮೇಲೆ ಮಕ್ಕಳು ಹತ್ತಿ ಕೂತರು. ಬಾಥಿಯಾ ಎಂಬ ಮುದುಕಿ ದೊಡ್ಡ ಹಂಡೆಯಲ್ಲಿ ಟೀ ಕಾಯಿಸುತ್ತ, ಬೆಣ್ಣೆರೊಟ್ಟಿ ಹಂಚುತ್ತ ಎಲ್ಲರನ್ನೂ ಬೈಯುತ್ತಿದ್ದಳು. ರೋನಾ ಗೋಣಿಯ ನಿಲುವಂಗಿ ತೊಟ್ಟು ಬಂದಳು. ಅದನ್ನು ಎಂದೂ ಒಗೆಯುವುದಿಲ್ಲ, ಒಗೆದರೆ ಹಳೆಯ ಕಳೆ ಹೋಗುತ್ತದಂತೆ. ಅದರ ನಾತ ಅವಳಿಗಿಂತ ಮುಂದೆ ಬಂತು. ಎಷ್ಟು ಹುಡುಗಿಯರ ಬೆವರೋ, ಯಾವ ವರ್ಷದ ಮೀನಿನ ರಕ್ತವೋ.

ಬಸ್ಸಿನಲ್ಲಿ ಬಂದ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದು ಕೇಳಿದಳು: "ಇದರೊಳಗೆ ಕತ್ತು ಹೇಗೆ ಹಿಡಿಸುತ್ತೆ? ನೋವಾಗಲ್ವಾ?"

ದೊಡ್ಡ ಮನುಷ್ಯನಿಗೆ ನೋಡುವವರು ಸಿಕ್ಕರೆ ಇನ್ನೇನು ಬೇಕು? ವಾಟಿ ಹ್ಯಾಟು ತೆಗೆದು, ಗೋಡೆಗೆ ಬೆನ್ನು ಕೊಟ್ಟು, ಕೊರಳಪಟ್ಟಿಯನ್ನು ತಾನೇ ಕತ್ತಿಗೆ ಹಾಕಿಕೊಂಡ. "ನೋವೇನು ಬಂತು ತಾಯಿ! ಇಷ್ಟೇ. ಹೀಗೆ ಹಾಕೋದು, ಹೀಗೆ ಮುಚ್ಚೋದು, ಬೀಡಲ್ ಬಂದು ಬೀಗ ಒತ್ತೋದು."

ಬೀಡಲ್ ಬಂದು ಬೀಗ ಒತ್ತಿದಳು.

ಮೊದಲೇ ಯೋಚಿಸಿದ್ದೇನಲ್ಲ. ಕೈ ತಾನಾಗಿ ಹೋಯಿತು. ಎಣ್ಣೆ ಕುಡಿದ ಬೀಗ ಟಕ್ ಎಂದಿತು.

ಜನ ಹೋ ಎಂದರು. ಯಾರೋ ಮೊದಲ ಸ್ಪಂಜು ಎಸೆದ, ಅದು ವಾಟಿಯ ಮೂಗಿಗೇ ಬಿತ್ತು. ವಾಟಿ ಗಹಗಹಿಸಿ ನಕ್ಕ. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಸಾಲು ನಿಂತಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಬಾಥಿಯಾ ಟೀ ಸೌಟು ಬೀಸಿದಳು. ಎಫೀಗೆ ಇದೂ ಅಸಹ್ಯವೇ ಆಯಿತು. ಹುಡುಗಿಯಾದರೂ ಸರಿ, ಮುದುಕನಾದರೂ ಸರಿ, ಕತ್ತು ಸಿಕ್ಕಿದವರ ಮೇಲೆ ಎಸೆಯಲು ಈ ಜನಕ್ಕೆ ಒಂದೇ ಹುರುಪು.

"ಸಾಕು, ಸಾಕು! ತೆಗಿಯೇ ಎಫೀ, ಕಾಲರೊಳಗೆ ನೀರು ಹೋಯ್ತು," ಎಂದ ವಾಟಿ.

"ಮಾತು ಹೇಳು. ತೆಗೀತೀನಿ."

"ಯಾವ ಮಾತು?"

"ಎಲ್ಲ ಹುಡುಗೀರೂ ಹೇಳೋ ಮಾತು. ಮೂರು ಸಲ."

"ತಪ್ಪು ಎಫೀದೇ!" ಎಂದು ವಾಟಿ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಎಫೀ ಕದಲಲಿಲ್ಲ. "ತಪ್ಪು ಪಾದ್ರೀದು! ಹವಾಮಾನದ್ದು!" ಎಂದ. ಈ ಸಲ ನಗು ತೆಳ್ಳಗಿತ್ತು. "ಆಯ್ತಲ್ಲ ತಮಾಷೆ, ತೆಗಿ ಈಗ. ನಾನು ಅಧ್ಯಕ್ಷ ಕಣೇ."

"ಹೇಳಯ್ಯಾ, ಟೀ ಆರ್ತಾ ಇದೆ," ಎಂದಳು ಬಾಥಿಯಾ. "ನನ್ನ ಮಗಳು ಮೈಯೆಲ್ಲ ಜ್ವರ ಇಟ್ಕೊಂಡು ಹೇಳಿದ್ಳು. ನಿನಗೇನು ಬಾಯಿ ಸೇದಿಹೋಗಿದೆಯಾ?"

ವಾಟಿ ಕೆಮ್ಮಿದ. "ತಪ್ಪು..." ಎಂದ. ಮುಂದಿನದು ಬರಲಿಲ್ಲ. ಮುಖ ಕೆಂಪಾಯಿತು, ಕತ್ತಿನ ನರ ಕಬ್ಬಿಣದ ಅಂಚಿಗೆ ಉಬ್ಬಿತು. "ಏನು ತಪ್ಪು ಮಾಡಿದೀನಿ ಅಂತ ಹೇಳ್ಲಿ? ನಾನೇನು ತಪ್ಪು ಮಾಡಿದೀನಿ?"

ಯಾವ ತಪ್ಪೆಂದು ಯಾರೂ ಕೇಳಿರಲಿಲ್ಲ. ಸಾಲಿನಲ್ಲಿದ್ದವನು ಸ್ಪಂಜನ್ನು ಬಕೀಟಿಗೆ ವಾಪಸು ಹಾಕಿದ.

ಆಗ ಗೋಣಿಯ ಅಂಗಿಯೊಳಗಿಂದ ರೋನಾ ಕೇಳಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಆಟ ತಾನೆ ಮಿಸ್ಟರ್ ಸ್ಟ್ರಾಕನ್? ನಾನಾದ್ರೆ ಒಂದೇ ಉಸಿರಿಗೆ ಹೇಳ್ತಿದ್ದೆ. ನಿಮಗೆ ಯಾಕೆ ಆಗ್ತಿಲ್ಲ?"

ಹೆಂಗಸರು ಟೀ ಬಟ್ಟಲು ಕೆಳಗಿಟ್ಟರು. ಅಲ್ಲಿ ನಿಂತಿದ್ದ ಎಷ್ಟೋ ಜನ ಒಂದಲ್ಲ ಒಂದು ವರ್ಷ ಬೆಸ್ಸಿಯಾಗಿದ್ದವರೇ. ಅಂಚೆ ಕಚೇರಿಯವಳು, ಟೀಚರು, ಬೇಕರಿಯ ಅಕ್ಕತಂಗಿಯರು, ಬಾಥಿಯಾ ಮತ್ತು ಅವಳ ಮಗಳು. ಒಬ್ಬಳು ಮೆಲ್ಲಗೆ ತನ್ನ ಕತ್ತಿನ ಹಿಂಭಾಗ ಉಜ್ಜಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳೂ ಉಜ್ಜಿಕೊಂಡಳು.

ವಾಟಿ ದನಿ ತಗ್ಗಿಸಿದ. "ಎಫೀ... ಆ ಮೀನಿನ ವಿಷಯಾನಾ? ಯಾವ ಕಾಲದ್ದು ಅದು! ತಮಾಷೆ ಕಣೇ. ನೀನೇ ನಕ್ಕಿದ್ಯಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೀನಿನ ಹೆಸರನ್ನು ಎಫೀ ಎತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೆದುರಿಗೂ ಎತ್ತಿರಲಿಲ್ಲ.

"ಯಾವ ಮೀನು ಅಜ್ಜಿ?" ಎಂದಳು ರೋನಾ.

ಎಫೀ ಮೊಮ್ಮಗಳನ್ನು ನೋಡಿದಳು. ಹುಡುಗಿಯ ತುಟಿಯಂಚಿನಲ್ಲಿ ಆ ನಗು ಇನ್ನೂ ಅರ್ಧ ಉಳಿದಿತ್ತು, ಹೋಗಬೇಕೋ ಬೇಡವೋ ಎಂದು ಕಾಯುತ್ತಿತ್ತು.

"ಮೊದಲು ಆ ಹೊಲಸನ್ನ ತೆಗೆದುಹಾಕು. ಆಮೇಲೆ ಹೇಳ್ತೀನಿ."

ರೋನಾ ಸ್ವೆಟರಿನ ಮೇಲೆ ತೊಟ್ಟಿದ್ದ ಗೋಣಿಯನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಒಮ್ಮೆ ಮೂಸಿ ನೋಡಿ, ಛೀ ಎಂದು ವಾಟಿಯ ಕಾಲಬುಡದಲ್ಲಿ ಎಸೆದಳು. ಎಫೀ ಬೀಗದ ಕೈಯನ್ನು ಜೇಬಿಗೆ ಹಾಕಿ, ಬಾಥಿಯಾಳ ಬೆಂಚಿನ ಮೇಲೆ ಕೂತಳು. ಪಾದ್ರಿಗಿಂತ ಮುಂದೆ ಬೈಬಲ್ ಹೊತ್ತು ನಡೆದರೂ ಒಂದು ಮಾತೂ ಆಡದವಳು ಅವಳು. ಈಗ ಬಲೆಯ ಕೊಟ್ಟಿಗೆಯಿಂದ ಶುರುಮಾಡಿದಳು. ಗಟ್ಟಿಯಾಗಿ, ಹಿಂದೆ ನಿಂತ ಬಸ್ಸಿನವರಿಗೂ ಕೇಳುವಂತೆ. ಬಕೀಟಿನಲ್ಲಿ ಏನಿತ್ತು, ಕೈ ಎಲ್ಲಿ ಹೋಯಿತು, ಎಷ್ಟು ಹೊತ್ತು ಇತ್ತು, ಯಾರು ಯಾರು ನೋಡಿ ನಕ್ಕರು, ಎಲ್ಲವನ್ನೂ ಹೇಳಿದಳು.

ವಾಟಿ ಮುಖ ತಿರುಗಿಸಲು ನೋಡಿದ. ಕೊರಳಪಟ್ಟಿ ಬಿಡಲಿಲ್ಲ. ಜನರ ಕಡೆಗೇ ಮುಖ ಇಟ್ಟು ನಿಲ್ಲುವಂತೆ ಅದನ್ನು ಮುನ್ನೂರು ವರ್ಷದ ಹಿಂದೆಯೇ ಮಾಡಿದ್ದರು. ಅವನು ಪೂರ್ತಿ ಕೇಳಬೇಕಾಯಿತು. ಎಫೀ ನಗಲಿಲ್ಲ, ರೋನಾಳೂ ನಗಲಿಲ್ಲ.