ನಾಲ್ಕಕ್ಷರದ ಅಡ್ಡಹೆಸರು

"ನಾಕಕ್ಷರ ಬೇಕ್ರಿ ಸರ್," ಎಂದು ಅಮೃತಮ್ಮ ಕನ್ನಡಕ ಏರಿಸಿಕೊಂಡು ಪದಬಂಧದ ಸುಳಿವು ಓದಿದರು. "'ಈಗಷ್ಟೇ ಕಟ್ಟಿ ಮುಗಿಸಿದ ಸೂರು.' ಇದೂ ಅಡ್ಡಹೆಸರೇ ಇರಬೇಕು. ಈ ವಾರ ಬರೇ ಅಡ್ಡಹೆಸರೇ ಕೇಳ್ಯಾರ."

ಅಶೋಕಕುಮಾರ ಪೆನ್ನು ಹಿಡಿದು ಯೋಚಿಸುವವನ ಹಾಗೆ ಕುಳಿತ. ಅಕ್ಕಸಾಲಿಗೆ ಪತ್ತಾರ, ಮರಗೆಲಸಕ್ಕೆ ಬಡಿಗೇರ, ಸುಗಂಧದ ವ್ಯಾಪಾರಕ್ಕೆ ಅತ್ತಾರ ಎಂದು ಪಟಪಟನೆ ತುಂಬಿದ್ದವನು, ಈ ಒಂದು ಸಾಲನ್ನು ಮಾತ್ರ ಬೆಳಿಗ್ಗೆ ಪೇಪರು ಕೈಗೆ ಬಂದಾಗಲೇ ನೋಡಿ ಬಿಟ್ಟುಬಿಟ್ಟಿದ್ದ.

ಸೇಡಂನಲ್ಲಿ ಇದು ಅವನ ಮೂರನೆಯ ಬಾಡಿಗೆ ಮನೆ. ಮೊದಲಿನ ಎರಡರಲ್ಲೂ ಅಡ್ಡಹೆಸರು ಕೇಳಿ, ಓಣಿ ವಿಚಾರಿಸಿ, ದಲಿತರೆಂದು ತಿಳಿದ ತಿಂಗಳೊಳಗೆ ಮಾಲೀಕರಿಗೆ ದಿಢೀರನೆ ಮನೆ ಬೇಕಾಗಿತ್ತು. ಇಲ್ಲಿ ಅವನು ಬರೀ 'ಅಶೋಕಕುಮಾರ ಎಚ್.', ಹೈಸ್ಕೂಲು ಮಾಸ್ತರ. ಎರಡು ವರ್ಷ, ಪಕ್ಕದಲ್ಲೇ ಇರುವ ಮನೆಯೊಡತಿ ಅಮೃತಮ್ಮ ಅಷ್ಟಕ್ಕೇ ಸುಮ್ಮನಿದ್ದರು. ಗಂಡ ತೀರಿಕೊಂಡ ಮೇಲೆ ಆಕೆಗೆ ಭಾನುವಾರದ ಪದಬಂಧಕ್ಕೆ ಒಬ್ಬರು ಜೊತೆ ಸಿಕ್ಕಿದ್ದೇ ದೊಡ್ಡದಾಗಿತ್ತು. ಒಳಗೆ ಅವನ ಹೆಂಡತಿ ಜಗದೇವಿಗೆ ಈಗ ಏಳು ತಿಂಗಳು.

ಕಟ್ಟೆಯ ಕೆಳಮೆಟ್ಟಿಲ ಮೇಲೆ ಅವನ ಅಪ್ಪ ಹಣಮಪ್ಪ ಶಾಲು ಹೊದ್ದು ಕುಳಿತಿದ್ದ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ. ಕಣ್ಣಿಗೆ ಪೊರೆ ಬಂದಿತ್ತು. ಸೋಮವಾರ ಡಾಕ್ಟರಿಗೆ ತೋರಿಸಲೆಂದು ಹಿಂದಿನ ದಿನ ತನ್ನೂರು ಆಡಕಿಯಿಂದ ಬಂದಿದ್ದ. ಓದು ಬಾರದಿದ್ದರೂ ಈ ಆಟ ಅವನಿಗೆ ಹಿಡಿಸಿಬಿಟ್ಟಿತ್ತು.

"ಹೊಸಮನಿ ಅಲ್ಲೇನ್ರಿ ಅವ್ವಾ?" ಎಂದ. ಒಂದು ಉತ್ತರ ತನಗೂ ಹೊಳೆಯಿತಲ್ಲ ಎಂಬ ಖುಷಿ ದನಿಯಲ್ಲಿತ್ತು. "ನಮ್ದೇ ಅಡ್ಡಹೆಸರದು."

ಅಮೃತಮ್ಮ ಬೆರಳು ಮಡಚಿ ಎಣಿಸಿದರು. ನಾಲ್ಕೇ. ಆಮೇಲೆ ಅಶೋಕಕುಮಾರನ ಕಡೆ ತಿರುಗಿದರು. "ನೀವು ಹೊಸಮನಿಯವರೇನ್ರಿ? ಒಮ್ಮೆನೂ ಹೇಳಿಲ್ಲ ನೋಡ್ರಿ. ಯಾವ ಹೊಸಮನಿ? ನಮ್ಮವರಾಗೂ ಅದಾರ, ಊರ ಹೊರಗಿನ ಓಣ್ಯಾಗೂ ಅದಾರ."

ಕೇಳಿದ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

"ನಿಮ್ಮವರೇ ರಿ," ಎಂದ ಅಶೋಕಕುಮಾರ.

ಹೇಳಿ, ತಲೆ ತಗ್ಗಿಸಿ, ನಾಲ್ಕು ಅಕ್ಷರಗಳನ್ನು ದುಂಡಗೆ ಬರೆದ. ಅಮೃತಮ್ಮನ ಮುಖ ಅರಳಿತು. "ಮತ್ತ ಅಲ್ಲ್ಯಾಕ ಕುಂತೀರಿ ಅಣ್ಣಾರ? ಮ್ಯಾಲ ಬರ್ರಿ, ಖುರ್ಚಿ ಮ್ಯಾಲ ಕುಂದ್ರಿ. ಯಾವ ಮಠದ ಭಕ್ತರು ನೀವು?"

ಹಣಮಪ್ಪ ಏಳಲಿಲ್ಲ. "ಮಗ ಹೇಳ್ತಾನ್ರಿ," ಎಂದ. "ಅಂವ ಓದಿದಾಂವ. ನನಗೇನ್ ತಿಳೀತದ."

ಊಟವಾದ ಕೂಡಲೇ ಹಣಮಪ್ಪ ಕೈಚೀಲ ಎತ್ತಿಕೊಂಡ. "ಮಾವಾರ, ನಾಳಿ ದವಾಖಾನಿಗಿ ಹೋಗೋದದಲ್ರಿ," ಎಂದು ಜಗದೇವಿ ಬಾಗಿಲಲ್ಲಿ ಅಡ್ಡ ನಿಂತಳು.

"ಇನ್ನೊಮ್ಮೆ ಬರ್ತೀನವ್ವ. ಎಮ್ಮಿ ಈಯಾಕ ಬಂದದ."

ಎಮ್ಮೆ ಮಾರಿ ಎರಡು ವರ್ಷವಾಗಿತ್ತು. ಅದು ಮೂವರಿಗೂ ಗೊತ್ತಿತ್ತು. ಜಗದೇವಿ ಪಕ್ಕಕ್ಕೆ ಸರಿದಳು.

ಬಸ್‌ಸ್ಟ್ಯಾಂಡಿನವರೆಗೆ ಮಗ ಕೈಚೀಲ ಹಿಡಿದು ಜೊತೆಗೆ ನಡೆದ. ಆಡಕಿಯ ಬಸ್ಸು ಬಂದಾಗ ಅಶೋಕಕುಮಾರ, "ಅಪ್ಪಾ, ಹೆರಿಗಿ ಆಗೋತನಾರ..." ಎಂದು ಶುರುಮಾಡಿದ.

"ಇರಲಿ ಬಿಡೋ," ಎಂದ ಹಣಮಪ್ಪ, ಬಸ್ಸಿನ ಕಂಬಿ ತಡವಿ ಹಿಡಿಯುತ್ತ. "ನಂದೇ ತಪ್ಪದ. ನಾ ನಡುವ ಬಾಯಿ ಹಾಕಬಾರದಿತ್ತು."

ಅಪ್ಪ ಅಲ್ಲಿಯೇ, ಎಲ್ಲರೆದುರು ಕೆನ್ನೆಗೆ ಬಾರಿಸಿದ್ದರೂ ತಾಳಿಕೊಳ್ಳಬಹುದಿತ್ತು ಅನ್ನಿಸಿತು ಅವನಿಗೆ. ಬಸ್ಸು ಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ.

ಮನೆಗೆ ಬಂದಾಗ ಸಂಜೆಯಾಗಿತ್ತು. ಜಗದೇವಿ ಗೋಡೆಗೆ ಒರಗಿ ಕುಳಿತಿದ್ದಳು. ಎದುರಿಗೆ ಒಂದು ಹಿತ್ತಾಳೆಯ ತಾಟು, ಅದರಲ್ಲಿ ಮೂರು ಹೋಳಿಗೆ. ಇಷ್ಟು ದಿನ ಏನು ಕೊಟ್ಟರೂ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ ಅಮೃತಮ್ಮ, ಇಂದು ತಮ್ಮ ಅಡುಗೆಮನೆಯ ತಾಟನ್ನೇ ಕಳಿಸಿದ್ದರು.

"ಮಾವಾರಿಗೂ ಒಂದು ಇಟ್ಟಾರ," ಎಂದಳು ಜಗದೇವಿ.

ಅವನು ಅಂಗಿ ಬಿಚ್ಚದೆ ಅವಳ ಪಕ್ಕ ಕುಳಿತ. ಪಕ್ಕದ ಮನೆಯಿಂದ ಅಮೃತಮ್ಮನ ದನಿ ಬಂತು: "ತಾಟು ನಾಳಿ ಕೊಡ್ರಿ, ಅವಸರಿಲ್ಲ." ಚಳಿಗೆ ತುಪ್ಪ ತಾಟಿನ ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟತೊಡಗಿತ್ತು.