ಕುರಿಯ ಬೆನ್ನಿನ ಗೆರೆ

ಸುದ್ದಿ ಬಂದ ದಿನ ನಾನು ಭಾಲ್ಕಿಯ ಬಸವ ಮಂಟಪದ ಗೋಡೆಯ ಮೇಲೆ ನವಿಲಿಗೆ ಗರಿ ತುಂಬುತ್ತಿದ್ದೆ. ಮಗಳು ಕಲಿಸುವ ಠಾಣಾ ಕುಶನೂರ ಶಾಲೆಯಿಂದ, ಅವಳ ಜೊತೆಯ ಶಿಕ್ಷಕಿ ಸುಮಿತ್ರಾಬಾಯಿ ಫೋನು ಮಾಡಿದರು. "ಕಾಕಾ, ಲಗೂನ ಔರಾದ ದವಾಖಾನಿಗಿ ಬರ್ರಿ. ಸಿದ್ದೇಶ್ವರಿ ಮೇಡಂ ಕ್ಲಾಸಿನ್ಯಾಗ ಬಿದ್ದಾರ್ರಿ."

ನಾನು ತಲುಪುವಷ್ಟರಲ್ಲಿ ಮಗಳ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಹೃದಯ ನಿಂತಿತ್ತು. ಅವಳಿಗೆ ಮೂವತ್ತಾರು ವರ್ಷ.

ಅವಳು ಆ ಶಾಲೆಯ ಚಿತ್ರಕಲಾ ಶಿಕ್ಷಕಿ. ಈಗಿನ ಚೀನೀ ಕಲಾವಿದರ ಮಸಿಚಿತ್ರಗಳನ್ನು ನೋಡಿ ನೋಡಿ ಅದೇ ದಾರಿ ಹಿಡಿದಿದ್ದಳು. ಮಸಿಯ ಕಡ್ಡಿಯನ್ನು ಗಂಧದಂತೆ ಕಲ್ಲಿನ ಮೇಲೆ ತೇಯ್ದು, ಬಹಳ ಹೊತ್ತು ಸುಮ್ಮನೆ ಕುಳಿತು, ತೆಳು ಕಾಗದದ ಮೇಲೆ ನಾಲ್ಕು ಗೆರೆ ಎಳೆದು ಎದ್ದುಬಿಡುತ್ತಿದ್ದಳು. ತಿದ್ದುವಂತಿಲ್ಲ. ಕಾಗದ ಕುಡಿದ ಮಸಿ ಹೊರಗೆ ಬರುವುದಿಲ್ಲ.

ಸಾಯುವ ಮೂರು ದಿನ ಮೊದಲು ಅವಳು ಶಾಲೆಗೆ ಹೋದಾಗ, ಬೀದರಿನ ಪ್ರದರ್ಶನಕ್ಕೆ ಕೊಡಬೇಕಿದ್ದ ಚಿತ್ರವನ್ನು ನೌಬಾದದ ನಮ್ಮ ಮನೆಯಲ್ಲಿ ನೋಡಿದೆ. ಡಾಬಕಾ ಊರಿನ ಕಡೆಯ ಒಂದು ಕುರಿ. ಉಳಿದದ್ದೆಲ್ಲ ಬಿಳಿ. ಮುಗಿಸಲು ಪುರುಸೊತ್ತಾಗಿಲ್ಲ ಎಂದುಕೊಂಡೆ. ನಲವತ್ತು ವರ್ಷ ಗೋಡೆ ತುಂಬಿದ ಕೈ ನನ್ನದು. ಅವಳದೇ ಕುಂಚದಿಂದ ಬೇವಿನ ಮರ, ಗುಡ್ಡ, ಸೂರ್ಯ, ಕುರಿಗಾರ ಎಲ್ಲ ಬರೆದೆ.

ಸಂಜೆ ಅವಳು ನೋಡಿದಳು. ಕಾಗದವನ್ನು ಬೆಳಕಿಗೆ ಹಿಡಿದಳು. ಆಮೇಲೆ ನಕ್ಕಳು. "ಅಪ್ಪಾ, ಕುರಿಗಿ ಉಸಿರು ಬಿಡ್ಲಾಕ ಜಾಗಾನೇ ಇಟ್ಟಿಲ್ಲಲ್ಲ!"

"ಖಾಲಿ ಇತ್ತವ್ವಾ."

"ಖಾಲಿ ಇರ್ಲಿಲ್ಲಪ್ಪಾ. ಇರ್ಲಿ ಬಿಡು, ಮತ್ತೊಂದು ಬರೀತೇನಿ."

ಅವಳ ಹೆಸರಿನಲ್ಲಿ ಪೂಜೆ, ಪ್ರಸಾದ ನಡೆಯುವ ಗಣಾರಾಧನೆಯ ಹಿಂದಿನ ದಿನ ಹೆಂಡತಿ ಸುಂದರಬಾಯಿ ನನ್ನ ಮುಂದೆ ಬಂದು ನಿಂತಳು. "ಊರಾಗ ಯಾರ್ ಸತ್ರೂ ಮಾರಿ ಬರದು ಕೊಟ್ಟೀರಿ. ಮಗಳದು ಬರೀರಿ."

ಕುಳಿತೆ. ಕಣ್ಣು ಬರೆದೆ, ಹುಬ್ಬು ಬರೆದೆ, ಕಿವಿಯೋಲೆಯ ಹರಳನ್ನೂ ಬಿಡಲಿಲ್ಲ. ಯಾರದೋ ಮುಖ ಬಂತು. ಹರಿದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಕಡೆಗೆ ಮಗಳ ಕಾಗದದ ಕಟ್ಟಿನಿಂದ ಒಂದು ಹಾಳೆ ಎಳೆದರೆ, ಅದರ ಮೇಲೆ ಆಗಲೇ ಒಂದು ಗೆರೆಯಿತ್ತು. ಕುರಿಯ ಬೆನ್ನು. ಅವಳು ಹೇಳಿದ್ದ ಮತ್ತೊಂದು ಚಿತ್ರ. ತಲೆಯಿಲ್ಲ, ಕಾಲಿಲ್ಲ, ಆದರೂ ಆ ಕುರಿಗೆ ಉಸಿರಿತ್ತು. ನನ್ನ ಕೈ ತಾನಾಗಿ ಕುಂಚದ ಕಡೆ ಹೋಯಿತು. ಹಿಂದಕ್ಕೆಳೆದುಕೊಂಡೆ.

ಮರುದಿನ ಪೂಜೆಗೆ ಅದನ್ನೇ ಹೂವಿನ ನಡುವೆ ಇಟ್ಟೆ.

"ಮಾರಿ ಎಲ್ಲದ?" ಎಂದಳು ಸುಂದರಬಾಯಿ.

"ನನಗ ಬರಲಿಲ್ಲ."

ಅವಳು ಅತ್ತಳು. ನಾನು ಅವಳ ಪಕ್ಕ ಕುಳಿತೆ. ಮಗಳು ಮುಗಿಸಿದ ಕೊನೆಯ ಚಿತ್ರವನ್ನು ಕೆಡಿಸಿದವನು ನಾನು.

ಬಸವ ತಂದೆ, ನನಗಾಗಿ ಏನನ್ನೂ ಬೇಡುವುದಿಲ್ಲ. ಅವಳನ್ನು ಅವಳ ಆ ಬಿಳಿಯಲ್ಲಿ ಸುಮ್ಮನೆ ಇರಗೊಡು. ಅಲ್ಲಿ ಯಾರ ಕೈಯೂ ಏನನ್ನೂ ತುಂಬದಿರಲಿ. ನನ್ನ ಮಗಳ ಜೀವಕ್ಕೆ ಶಾಂತಿ ಕೊಡು, ತಂದೆ.